ಶಾಲಾ ಸಂಸತ್ತಿನ ಮರುಚುನಾವಣೆ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಶಾಲಾ ಸಂಸತ್ತಿಗೆ ಎರಡೆರಡು ಸಲ ಚುನಾವಣೆ ಯಾಕೆ ಆಯಿತು ಎಂದು ಹಲವರು ಕೇಳಿದ್ದೀರಿ. ತಪ್ಪು ನನ್ನದೇ. ಹೊತ್ತು ಉಳಿಯಲಿ ಎಂದು ಮೊದಲ ಸಲ ಕೈ ಎತ್ತಿಸಿ ಎಣಿಸಿಬಿಟ್ಟೆ. ಮಧ್ಯಾಹ್ನ ಬಿಸಿಯೂಟದ ವೇಳೆ ಒಂದು ಮಗು ತಟ್ಟೆ ಹಿಡಿದುಕೊಂಡೇ ನನ್ನ ಹತ್ತಿರ ಬಂತು. "ಸಾರ್, ಎಲೆಕ್ಷನ್‌ಗೆ ನಿಂತೋರ ಮನೆ ಗದ್ದೆಗೇ ನಮ್ಮಮ್ಮ ನಾಟಿಗೆ ಹೋಗೋದು. ನಾನು ಕೈ ಎತ್ತದೇ ಇದ್ರೆ ಗೊತ್ತಾಗ್ತಿತ್ತಲ್ಲ?" ಎಂದಿತು. ಯಾವ ಮಗು, ಯಾರ ಗದ್ದೆ ಎಂದು ದಯವಿಟ್ಟು ಕೇಳಬೇಡಿ. ಮನೆಯಲ್ಲಿ ಮಕ್ಕಳ ಬಾಯಿ ಬಿಡಿಸಲೂ ಹೋಗಬೇಡಿ.

ಮರುವಾರ ಒಂದು ರಟ್ಟಿನ ಪೆಟ್ಟಿಗೆ, ಲೈಬ್ರರಿ ಮೂಲೆಗೆ ಹಳೆ ಬೆಡ್‌ಶೀಟಿನ ಪರದೆ, ಉಗುರಿಗೆ ಮಾರ್ಕರ್ ಗೆರೆ, ಇಷ್ಟು ಮಾಡಿಕೊಂಡು ಗುಟ್ಟಾಗಿ ಓಟು ಹಾಕಿಸಿದೆವು. ಎಣಿಸಿ ನೋಡಿದರೆ ಕಡಿಮೆಯೆಂದರೂ 15 ಓಟು ಆಚೀಚೆ ಆಗಿದ್ದವು. ಗೆದ್ದವರ ಬಗ್ಗೆ ನನಗೇನೂ ತಕರಾರಿಲ್ಲ. ಆ 15 ಮಾತ್ರ ನಿದ್ದೆಗೆಡಿಸಿತು.

ಸಮಾಜ ವಿಜ್ಞಾನದ ಪುಸ್ತಕದಲ್ಲಿ ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಎಂದು ಬೇರೆ ಬೇರೆ ಭಾಗಗಳಿವೆ. ಆ ಮಗು ಕೈ ಎತ್ತುವಾಗ ಹಾಗೆ ಬೇರೆ ಮಾಡಲು ಬರುತ್ತಿರಲಿಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದೂ ಇದನ್ನೇ: ಓಟಿನಲ್ಲಿ ಎಲ್ಲರೂ ಸಮ, ದುಡಿಮೆಯಲ್ಲೂ ಸಮಾಜದಲ್ಲೂ ಹಾಗಿಲ್ಲ, ಈ ವೈರುಧ್ಯವನ್ನು ಬೇಗ ನೀಗಿಸದಿದ್ದರೆ ನೊಂದವರೇ ಈ ಪ್ರಜಾಪ್ರಭುತ್ವವನ್ನು ಕೆಡವಿಯಾರು.

ಸಾಗರ ತಾಲ್ಲೂಕಿನವರಿಗೆ ಇದನ್ನು ಹೇಳಲು ದೂರದ ಉದಾಹರಣೆ ಯಾಕೆ? 1951ರಲ್ಲಿ ಕಾಗೋಡಿನ ಗೇಣಿದಾರರು ತಿರುಗಿಬಿದ್ದಾಗ ಜಗಳವಿದ್ದದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ. ಸಂವಿಧಾನ ಬಂದು ವರ್ಷ ದಾಟಿತ್ತು, ಕೊಳಗ ಮಾತ್ರ ಇನ್ನೂ ಜಮೀನಿನ ಒಡೆಯರದೇ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. 1952ರ ಚುನಾವಣೆಯಲ್ಲಿ ಈ ಹೋರಾಟದಲ್ಲಿದ್ದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು. ಆದರೂ ಗೇಣಿ ಪದ್ಧತಿಗೆ ಕಾನೂನಿನ ಕೊನೆ ಬಿದ್ದದ್ದು 1974ರ ಮಾರ್ಚ್ 1ಕ್ಕೆ, ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ. ನಿಮ್ಮಲ್ಲಿ ಕೆಲವರ ಪಹಣಿಯಲ್ಲಿ ಅಜ್ಜನ ಹೆಸರು ಕೂತದ್ದು ಆಮೇಲೆಯೇ. ಗೇಣಿ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದ ಮನೆಗಳಿಗೆ ಆ ಕಾಯಿದೆಯಿಂದ ಹೆಚ್ಚೇನೂ ದಕ್ಕಲಿಲ್ಲ ಎಂಬುದೂ ನಿಜ. ತಟ್ಟೆ ಹಿಡಿದು ಬಂದ ಮಗುವಿನ ಮಾತು ಕೇಳಿದಾಗ ನನಗೆ ನೆನಪಾದದ್ದು ಅದು.

ಹಾಗಾಗಿ ಇನ್ನು ಮುಂದೆ ಶಾಲೆಯಲ್ಲಿ ಕೈ ಎತ್ತಿಸುವ ಚುನಾವಣೆ ಇಲ್ಲ. ಯಾರಿಗೆ ಓಟು ಹಾಕಿದೆ ಎಂದು ನೀವೂ ಮಕ್ಕಳನ್ನು ಕೇಳಬೇಡಿ. ಊಟಕ್ಕೆ ಇಂಥವರ ಪಕ್ಕ ಕೂರಬೇಡ ಎಂದು ಹೇಳಿ ಕಳಿಸುವ ಮನೆ ಒಂದಾದರೂ ಇದ್ದರೆ, ಅದನ್ನು ಇವತ್ತೇ ನಿಲ್ಲಿಸಿ.

ಇನ್ನೊಂದು ಮಾತು. ನಾಟಿಯ ದಿನಗಳಲ್ಲಿ ಬೆಳಿಗ್ಗೆ 11 ಗಂಟೆಗೆ ಪೋಷಕರ ಸಭೆ ಕರೆದು, ಬರುವವರು ಅದೇ ಎಂಟು ಹತ್ತು ಮಂದಿ ಎಂದು ಗೊಣಗಿದವನೂ ನಾನೇ. ಒಂದು ದಿನದ ಕೂಲಿ ಬಿಡಬಲ್ಲವರು ಮಾತ್ರ ಬಂದು ಮಾತಾಡಿ ಎಂದಂತಾಯಿತು. ಬರುವ ಶನಿವಾರದ ಸಭೆ ಸಂಜೆ 6 ಗಂಟೆಗೆ. ಕುರ್ಚಿ ಹಾಕಿಸುವುದಿಲ್ಲ, ಎಲ್ಲರಿಗೂ ಜಮಖಾನವೇ. ಮಂಡಿನೋವಿನವರಿಗೆ ಬೆಂಚಿದೆ. ಗದ್ದೆಯಿಂದ ನೇರ ಬಂದರೂ ಆಯಿತು, ಕಾಲು ತೊಳೆಯಲು ಬಾಗಿಲಲ್ಲೇ ನೀರು ಇಟ್ಟಿರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕ