40 ಸಾಕೆಟ್ ಹಿಡಿಯುತ್ತದೆ ಅಂದಿರಿ, ಯಾವ 40 ಅಂತ ಹೇಳಲಿಲ್ಲ

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ಟೂಲ್ ಬಾಕ್ಸ್‌ಗೆಂದು ಕೊಂಡ ಸಾಕೆಟ್ ರೈಲು ಮತ್ತು ಸ್ಪ್ಯಾನರ್ ಹೋಲ್ಡರ್ ಸೆಟ್ ಬಗ್ಗೆ ದೂರು

ಮಾನ್ಯರೇ,

ಪೆಟ್ಟಿಗೆ ಮೇಲೆ ‘40 ಸಾಕೆಟ್’ ಅಂತ ಅಚ್ಚಾಗಿರುವ ನಿಮ್ಮ ಕಂಪನಿಯ ಹೋಲ್ಡರ್ ಸೆಟ್ ತೆಗೆದುಕೊಂಡು ಎರಡು ತಿಂಗಳಾಯಿತು. ಬೋಲ್ಟ್ ತಿರುಗಿಸುವ ಸಾಕೆಟ್ ಸಿಕ್ಕಿಸಲು ಕ್ಲಿಪ್ ಇರುವ ಉದ್ದ ಪಟ್ಟಿ, ಅಂದರೆ ರೈಲು, ಮೂರು, 16 ಖಾನೆಯ ಸ್ಪ್ಯಾನರ್ ಹೋಲ್ಡರ್ ಒಂದು, ಮ್ಯಾಗ್ನೆಟ್ ಪಟ್ಟಿ ಒಂದು. ಕಣ್ಣು ಮುಚ್ಚಿಕೊಂಡು ಕೊಂಡದ್ದಲ್ಲ. ನಿಮ್ಮ ಆಯ್ಕೆ ಕೈಪಿಡಿಯನ್ನು ಎರಡು ಸಲ ಓದಿದೆ. ಸಹಾಯವಾಣಿಗೆ ಫೋನ್ ಮಾಡಿ, ನನ್ನ ಹತ್ತಿರ ಏನೇನಿದೆ ಅಂತ ಒಂದೊಂದಾಗಿ ಹೇಳಿದೆ. ಆ ಕಡೆಯಿಂದ ಮಾತಾಡಿದವರು ‘ಎಲ್ಲಾ ಕೂರುತ್ತೆ ಸರ್, ಯೋಚನೆ ಮಾಡಬೇಡಿ’ ಅಂದರು. ಆ ಮಾತು ನಂಬಿ ಕೊಂಡೆ. ಈಗ ಮ್ಯಾಗ್ನೆಟ್ ಪಟ್ಟಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ತಿರುಗಿ ಅದೇ ಪೆಟ್ಟಿಗೆಯೊಳಗೆ ಹೋಗಿದೆ.

ಈ ಪತ್ರ ಬರೆಯಬೇಕು ಅನ್ನಿಸಿದ್ದು ಒಂದು ರಾತ್ರಿಯ ಕೆಲಸದ ನಂತರ. ಒಂದು ಇಂಜಿನ್ನಿನ ಟೈಮಿಂಗ್ ಬೆಲ್ಟ್ (ಪಿಸ್ಟನ್ ಮತ್ತು ವಾಲ್ವುಗಳ ಓಟವನ್ನು ಹೊಂದಿಸುವ ಹಲ್ಲಿನ ಬೆಲ್ಟ್) ಬದಲಿಸಿ ಕವರ್ ಹಾಕಿದ್ದೆ. ಕವರ್‌ನ ಬೋಲ್ಟುಗಳಿಗೆಲ್ಲ 10 ನಂಬರ್, ಅಂದರೆ 10 ಮಿ.ಮೀ., ಸಾಕೆಟ್. ಕೊನೆಯ ಬೋಲ್ಟು ಬಿಗಿದು, ಕೈ ಒರೆಸಿಕೊಂಡು, ಬೇರೆ ಟೂಲುಗಳನ್ನು ಎತ್ತಿಟ್ಟೆ. ಆಮೇಲೆ ಡ್ರಾಯರ್ ಎಳೆದು ನೋಡಿದರೆ ರೈಲಿನಲ್ಲಿ 10ರ ಜಾಗ ಖಾಲಿ. ಅದನ್ನು ವಾಪಸ್ ಸಿಕ್ಕಿಸಿದ್ದೆ ಅಂತ ನೆನಪು. ಆದರೆ ಖಾತ್ರಿ ಇಲ್ಲ. ಅದೇ ರೈಲಿನಲ್ಲಿ ಇನ್ನೂ ಮೂರು ಕ್ಲಿಪ್ ಖಾಲಿ ಇದ್ದವು. ಅವುಗಳ ಸಾಕೆಟ್‌ಗಳು ಡ್ರಾಯರ್‌ನ ತಳದಲ್ಲಿ ಉರುಳಾಡುತ್ತಿದ್ದವು. 10 ಮಾತ್ರ ಎಲ್ಲೂ ಕಾಣಲಿಲ್ಲ.

ಅದು ಕವರ್ ಒಳಗೆ ಉಳಿದಿದ್ದರೆ? ಬೆಲ್ಟಿನ ಹಾದಿಯಲ್ಲಿ ಒಂದು ಸಾಕೆಟ್ ಬಿದ್ದಿದ್ದು, ಇಂಜಿನ್ ಶುರು ಮಾಡಿದರೆ ಬೆಲ್ಟ್ ಹಲ್ಲು ಹಾರಬಹುದು, ಅಂದರೆ ಚಕ್ರದ ಮೇಲೆ ಒಂದೆರಡು ಹಲ್ಲು ಜಾರಿ ಕೂರಬಹುದು. ಕೆಲವು ಇಂಜಿನ್‌ಗಳಲ್ಲಿ ಬೆಲ್ಟ್ ಹಲ್ಲು ಹಾರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯಬಹುದು. ಒಂದು ಸಾಕೆಟ್ಟಿನಿಂದ ಇಡೀ ಇಂಜಿನ್ ಬಿಚ್ಚುವ ಕೆಲಸ ಬರುತ್ತದೆ. ಹಾಗಾಗಿ ಸುಮ್ಮನಿರಲು ಆಗಲಿಲ್ಲ. ಕವರ್ ಮತ್ತೆ ಬಿಚ್ಚಿದೆ. ಟಾರ್ಚ್ ಹಿಡಿದು ನೋಡಿದೆ, ಮ್ಯಾಗ್ನೆಟ್ ಕಡ್ಡಿ ಆಡಿಸಿದೆ, ಬೆಲ್ಟನ್ನು ಕೈಯಲ್ಲೇ ಪೂರ್ತಿ ಸುತ್ತು ತಿರುಗಿಸಿದೆ. ಇರಲಿಲ್ಲ. ಒಂದೂವರೆ ಗಂಟೆ ಆದ ಮೇಲೆ ಡ್ರಾಯರ್‌ನ ರಬ್ಬರ್ ಮ್ಯಾಟ್ ಎತ್ತಿದಾಗ, ಅದರ ಅಂಚಿನ ಕೆಳಗೆ ಸಿಕ್ಕಿತು. ಡ್ರಾಯರ್ ತಳ್ಳಿದ ರಭಸಕ್ಕೆ ಕ್ಲಿಪ್ಪಿನಿಂದ ಕಳಚಿ ಒಳಗೆ ಜಾರಿತ್ತು.

ಹೋಲ್ಡರ್ ಅಂತ ಒಂದನ್ನು ದುಡ್ಡು ಕೊಟ್ಟು ಕೊಳ್ಳುವುದೇ ಇದಕ್ಕಾಗಿ ಅಲ್ವಾ? ಜಾಗ ಖಾಲಿ ಇದ್ದರೆ ಟೂಲು ಹೊರಗಿದೆ ಅಂತ ಗೊತ್ತಾಗಬೇಕು. ಜಾಗ ತುಂಬಿದ್ದರೆ ನೆಮ್ಮದಿಯಾಗಿ ಮುಚ್ಚಿ ಮನೆಗೆ ಹೋಗಬೇಕು. ವಿಮಾನ ರಿಪೇರಿ ಮಾಡುವ ಕಡೆ ಪ್ರತಿ ಟೂಲಿಗೂ ಅದರದೇ ಆಕಾರದ ಗುಂಡಿ ಕೊರೆದಿಟ್ಟು, ಕೆಲಸಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಎಣಿಸುತ್ತಾರೆ. ನಮ್ಮದು ಅಷ್ಟು ದೊಡ್ಡ ಕೆಲಸ ಅಲ್ಲದಿರಬಹುದು. ಆದರೂ ಖಾಲಿ ಜಾಗವನ್ನೇ ನಂಬಲು ಆಗದಿದ್ದರೆ, ಎಲ್ಲವನ್ನೂ ಒಂದು ಡಬ್ಬಿಗೆ ಸುರಿದಿಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಸಾಕೆಟ್ ಯಾಕೆ ಕಳಚಿತು ಅಂತ ಮರುದಿನ ಕೂತು ನೋಡಿದೆ. ಸಾಕೆಟ್ಟಿನ ಚೌಕ ತೂತಿನ ಒಳಗೆ, ಗೋಡೆಗಳಲ್ಲಿ, ಸಣ್ಣ ಕುಳಿ ಇರುತ್ತದೆ. ಸಾಕೆಟ್ ತಿರುಗಿಸುವ ರ‍್ಯಾಚೆಟ್ ಹ್ಯಾಂಡಲ್‌ನ ತುದಿಯಲ್ಲಿರುವ ಸ್ಪ್ರಿಂಗ್ ಗುಂಡು ಆ ಕುಳಿಯಲ್ಲಿ ‘ಟಕ್’ ಅಂತ ಕೂರುತ್ತದೆ. ಒಳ್ಳೆಯ ರೈಲಿನ ಕ್ಲಿಪ್ಪಿನಲ್ಲೂ ಅಂಥದೇ ಗುಂಡು ಇರುತ್ತದೆ, ಇಲ್ಲವೇ ಆ ಕುಳಿಗೆ ಹೋಗಿ ಕೂರುವ ಸ್ಪ್ರಿಂಗ್ ಎಲೆ ಇರುತ್ತದೆ. ಕಾಲು ಸುತ್ತು ತಿರುಗಿಸಿ ಲಾಕ್ ಮಾಡುವ ಬಗೆಯೂ ಉಂಟು. ನಿಮ್ಮ ಕ್ಲಿಪ್ಪಿನಲ್ಲಿ ಇದು ಯಾವುದೂ ಇಲ್ಲ. ಬರೀ ಪ್ಲಾಸ್ಟಿಕ್ ಚೌಕ ಗೂಟ. ಹೊಸದರಲ್ಲಿ ಬಿಗಿಯಾಗಿ ಹಿಡಿಯಿತು, ಒಪ್ಪುತ್ತೇನೆ. ಮೂರು ವಾರಕ್ಕೆ ಗೂಟದ ಮೂಲೆಗಳು ಸವೆದವು. ಕೈಯ ಎಣ್ಣೆ ತಾಗಿದ ಮೇಲಂತೂ ಸಾಕೆಟ್ ತನ್ನಷ್ಟಕ್ಕೇ ಏರಿ ಬರುತ್ತದೆ. ರೈಲನ್ನು ತಲೆಕೆಳಗು ಹಿಡಿದರೆ 13ರಲ್ಲಿ 9 ಉದುರಿದವು. ನಾಲ್ಕು ಸಲ ಮಾಡಿ ನೋಡಿಯೇ ಬರೆಯುತ್ತಿದ್ದೇನೆ. ಜೊತೆಗೆ ಕ್ಲಿಪ್ಪುಗಳು ರೈಲಿನ ಉದ್ದಕ್ಕೂ ಜಾರುತ್ತವೆ. ಇವತ್ತು ಎಡದಿಂದ ನಾಲ್ಕನೆಯದು 12 ಆದರೆ ನಾಳೆ ಅದೇ ಜಾಗದಲ್ಲಿ 13 ಇರುತ್ತದೆ. ಕೈಗೆ ಜಾಗದ ಅಭ್ಯಾಸವೇ ಆಗುವುದಿಲ್ಲ.

ಇನ್ನು ನಿಮ್ಮ ‘40 ಸಾಕೆಟ್’ ವಿಷಯ. ಪೆಟ್ಟಿಗೆ ಮೇಲೆ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುವುದು ಆ ಸಂಖ್ಯೆಯೇ. ಹ್ಯಾಂಡಲ್ ಸಿಕ್ಕಿಸುವ ಚೌಕ ತೂತಿನ ಅಳತೆಯಂತೆ ಕಾಲು ಇಂಚಿಗೆ 13 ಕ್ಲಿಪ್, 3/8 ಇಂಚಿಗೆ 13, ಅರ್ಧ ಇಂಚಿಗೆ 14. ಕೂಡಿದರೆ 40 ಸರಿ. ಆದರೆ ನನ್ನ ಅರ್ಧ ಇಂಚಿನ ಸಾಕೆಟ್‌ಗಳೆಲ್ಲ ಇಂಪ್ಯಾಕ್ಟ್ ಸಾಕೆಟ್, ಅಂದರೆ ಬಡಿದು ತಿರುಗಿಸುವ ಇಂಪ್ಯಾಕ್ಟ್ ಗನ್ನಿಗೆ ಹಾಕುವ, ದಪ್ಪ ಗೋಡೆಯ ಕಪ್ಪು ಬಣ್ಣದವು. ಇದನ್ನು ನಾನು ಫೋನಿನಲ್ಲಿ ಬಿಡಿಸಿ ಹೇಳಿದ್ದೆ. ಕ್ಯಾಲಿಪರ್ ಹಿಡಿದು ಅಳೆದೆ. 19ರದು ಹೊರಗಡೆ 30 ಮಿ.ಮೀ., 24ರದು 36 ಮಿ.ಮೀ. ನಿಮ್ಮ ರೈಲಿನ ಉದ್ದ 300 ಮಿ.ಮೀ. ನನ್ನ 14 ಸಾಕೆಟ್ ಒಂದಕ್ಕೊಂದು ಅಂಟಿಸಿ ನಿಲ್ಲಿಸಿದರೂ 400 ಮಿ.ಮೀ. ಬೇಕು. ಒತ್ತಿ ಒತ್ತಿ 10 ಹಿಡಿಸಿದೆ. ಉಳಿದ ನಾಲ್ಕು ಕ್ಲಿಪ್ ಇದ್ದೂ ಇಲ್ಲದ ಹಾಗೆ. ಇದರ ಮೇಲೆ, ಇಂಪ್ಯಾಕ್ಟ್ ಸಾಕೆಟ್ಟಿನ ಚೌಕದ ಪಕ್ಕದಲ್ಲಿ ಪಿನ್ ಮತ್ತು ರಬ್ಬರ್ ರಿಂಗ್ ಹಾಕಲು ಅಡ್ಡ ತೂತು ಇರುತ್ತದೆ. ಭಾರವೂ ಜಾಸ್ತಿ. ಬರೀ ಉಜ್ಜಾಟದ ಮೇಲೆ ನಿಲ್ಲುವ ಪ್ಲಾಸ್ಟಿಕ್ ಗೂಟ ಅದನ್ನು ಹಿಡಿಯಲಾರದು. ‘40’ ಅನ್ನುವುದು ಕ್ಲಿಪ್ಪಿನ ಲೆಕ್ಕ, ಸಾಕೆಟ್ಟಿನ ಲೆಕ್ಕ ಅಲ್ಲ. ಕೊಳ್ಳುವವರಿಗೆ ಬೇಕಾದ್ದು ರೈಲಿನ ಉದ್ದ. ಅದು ಪೆಟ್ಟಿಗೆ ಮೇಲೆ ಎಲ್ಲೂ ಇಲ್ಲ.

ಎತ್ತರದ ಕತೆ ಇನ್ನೂ ಬೇಸರ ತರಿಸಿತು. ನನ್ನ ಡ್ರಾಯರ್‌ನ ಒಳ ಎತ್ತರ 75 ಮಿ.ಮೀ. ನನ್ನ 3/8 ಇಂಚಿನ ಡೀಪ್ (ಉದ್ದನೆಯ) ಸಾಕೆಟ್‌ಗಳ ಉದ್ದ 64 ಮಿ.ಮೀ. ಸಾಕಷ್ಟು ಜಾಗ ಇದೆ ಅಂತಲೇ ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ರೈಲು ಮತ್ತು ಕ್ಲಿಪ್ಪಿನ ಬುಡ ಸೇರಿ 14 ಮಿ.ಮೀ. ಮೇಲಕ್ಕೆ ಎತ್ತುತ್ತದೆ. ಒಟ್ಟು 78. ಬರೀ 3 ಮಿ.ಮೀ.ಗೆ ಡ್ರಾಯರ್ ಮುಚ್ಚುವುದಿಲ್ಲ. ಮೊದಲ ಸಲ ಗೊತ್ತಾಗದೆ ತಳ್ಳಿದಾಗ ಮೇಲಿನ ಡ್ರಾಯರ್‌ನ ಅಡಿಗೆ ಸಾಕೆಟ್ ಉಜ್ಜಿ, ಬಣ್ಣ ಕಿತ್ತು ಉದ್ದ ಗೀರು ಬಿತ್ತು. ಆ 14 ಅನ್ನುವ ಒಂದು ಅಂಕಿ ಪೆಟ್ಟಿಗೆ ಮೇಲೆ ಇದ್ದಿದ್ದರೆ ನಾನು ರೈಲಿನ ಬದಲು ಅಡ್ಡ ಮಲಗಿಸುವ ಟ್ರೇ ಹುಡುಕುತ್ತಿದ್ದೆ. ನಿಮ್ಮಲ್ಲೇ ಅಂಥ ಟ್ರೇ ಇದ್ದರೆ ಅದನ್ನೇ ಕೊಳ್ಳುತ್ತಿದ್ದೆ.

ಸ್ಪ್ಯಾನರ್ ಹೋಲ್ಡರ್‌ಗೆ ಬರುತ್ತೇನೆ. ಇದರ ಪ್ಲಾಸ್ಟಿಕ್ ಗಟ್ಟಿ ಇದೆ, ಹಿಡಿಕೆಯೂ ಚೆನ್ನಾಗಿದೆ. ಆದರೆ ಖಾನೆಗಳ ಮೇಲೆ ನಂಬರನ್ನು ಅಚ್ಚಿನಲ್ಲೇ ಎರಕ ಹೊಯ್ದಿದ್ದೀರಿ. 6ರಿಂದ 19ರವರೆಗೆ ಸಾಲಾಗಿ 14, ಆಮೇಲೆ 21 ಮತ್ತು 22. ನನ್ನ ಹತ್ತಿರ 6, 7, 9 ಇಲ್ಲ, 20 ಮತ್ತು 24 ಇವೆ. ತುಂಬಾ ಜನರ ಪೆಟ್ಟಿಗೆ ಹೀಗೇ ಇರುತ್ತದೆ. ಯಾಕೆಂದರೆ ಎಲ್ಲಾ ನಂಬರೂ ಎಲ್ಲರಿಗೂ ಬೇಕಾಗುವುದಿಲ್ಲ. ಜಪಾನ್ ಮೂಲದ ಗಾಡಿಗಳಲ್ಲಿ 8, 10, 12, 14, 17, 19 ಜಾಸ್ತಿ ಓಡುತ್ತವೆ. ಯುರೋಪಿನ ಗಾಡಿಗಳಲ್ಲಿ 10, 13, 16, 18 ಬರುತ್ತವೆ. 24ನ್ನು 22ರ ಖಾನೆಯಲ್ಲಿ ತುರುಕಿದರೆ ತೆಗೆಯಲು ಎರಡು ಕೈ ಬೇಕು. 20ನ್ನು 9ರ ಖಾಲಿ ಖಾನೆಯಲ್ಲಿ ಇಟ್ಟರೆ ನಿಲ್ಲುವುದೇ ಇಲ್ಲ. ಎರಡೂ ಕಡೆ ಬಾಯಿ ಇರುವ 10-11, 12-13, 14-15 ಸ್ಪ್ಯಾನರ್‌ಗಳಿಗೆ ಆ ನಂಬರುಗಳಿಂದ ಉಪಯೋಗವೇ ಇಲ್ಲ. ರ‍್ಯಾಚೆಟ್ ರಿಂಗ್ ಇರುವ ಸ್ಪ್ಯಾನರ್‌ಗಳ ತಲೆ ದಪ್ಪ, ಅಕ್ಕಪಕ್ಕದ ಎರಡು ಖಾನೆಯಲ್ಲಿ ಇಡಲು ಆಗುವುದಿಲ್ಲ. ನಂಬರ್ ಇಲ್ಲದ ಖಾನೆ ಮಾಡಿ, ಬೇಕಾದವರು ಸಿಕ್ಕಿಸಿಕೊಳ್ಳುವಂಥ ನಂಬರ್ ಚೀಟಿ ಕೊಟ್ಟಿದ್ದರೆ ಸಾಕಿತ್ತು.

ರೈಲುಗಳ ಜೊತೆ ಕೊಟ್ಟ ನಂಬರ್ ಸ್ಟಿಕ್ಕರ್ ಎಣ್ಣೆ ತಾಗಿ ಮೊದಲ ವಾರವೇ ಎದ್ದು ಬಂತು. ಇದು ಸಣ್ಣ ವಿಷಯ ಅಂತ ನಿಮ್ಮವರು ಉತ್ತರ ಬರೆದಿದ್ದರು. ಸಣ್ಣದಲ್ಲ. ಮಿ.ಮೀ. ಸಾಕೆಟ್ ಮತ್ತು ಇಂಚಿನ ಸಾಕೆಟ್ ಎರಡೂ ಇಟ್ಟುಕೊಂಡವರನ್ನು ಕೇಳಿ. 19ಕ್ಕೂ 3/4 ಇಂಚಿಗೂ ಇರುವ ವ್ಯತ್ಯಾಸ 0.05 ಮಿ.ಮೀ., ಒಂದರ ಬದಲು ಇನ್ನೊಂದು ನಡೆಯುತ್ತದೆ. ಆದರೆ ಬೋಲ್ಟಿನ ತಲೆ ಅರ್ಧ ಇಂಚು ಅಂದರೆ 12.7 ಮಿ.ಮೀ. ಅಂಥ ಬೋಲ್ಟಿನ ತಲೆಗೆ ಗಡಿಬಿಡಿಯಲ್ಲಿ 13 ಹಾಕಿ ಜೋರಾಗಿ ತಿರುಗಿಸಿದರೆ ಮೂಲೆಗಳು ಸವೆದು ತಲೆ ಗುಂಡಾಗುತ್ತದೆ. ತುಕ್ಕು ಹಿಡಿದ ಬೋಲ್ಟಾದರೆ ಆಮೇಲೆ ಅದನ್ನು ತೆಗೆಯುವ ಪಾಡು ಮಾಡಿದವರಿಗೇ ಗೊತ್ತು. ಎರಡೂ ಬಗೆಗೆ ಒಂದೇ ಬಿಳಿ ಸ್ಟಿಕ್ಕರ್, ಒಂದೇ ಕಪ್ಪು ರೈಲು ಕೊಟ್ಟಿದ್ದೀರಿ. ಒಂದಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ ಮಾಡಿದರೆ ಮಬ್ಬು ಬೆಳಕಿನಲ್ಲೂ ಕೈ ತಪ್ಪುವುದಿಲ್ಲ.

ಮ್ಯಾಗ್ನೆಟ್ ಪಟ್ಟಿಯ ಬಗ್ಗೆ ನನ್ನ ದೂರಿಲ್ಲ. ಹಿಡಿತ ಚೆನ್ನಾಗಿದೆ. ಕಬ್ಬಿಣದ ಪುಡಿ ಅಂಟುತ್ತದೆ, ಬಟ್ಟೆಯಲ್ಲಿ ಒರೆಸುತ್ತಿರಬೇಕು. ಅದು ಯಾವ ಮ್ಯಾಗ್ನೆಟ್ಟಿಗೂ ಇದ್ದದ್ದೇ. ಅದನ್ನು ನಾನು ಇಟ್ಟುಕೊಳ್ಳುತ್ತೇನೆ, ಅದರ ಹಣ ಕೇಳುತ್ತಿಲ್ಲ.

ನಿಮಗೆ ಈ ಮೊದಲು ಮೂರು ಸಲ ಬರೆದಿದ್ದೇನೆ. ಮೊದಲನೆಯದಕ್ಕೆ ‘ಡ್ರಾಯರ್ ನಿಧಾನವಾಗಿ ಮುಚ್ಚಿ’ ಅಂತ ಉತ್ತರ ಬಂತು. ಎರಡನೆಯದಕ್ಕೆ ಉತ್ತರವೇ ಇಲ್ಲ. ಮೂರನೆಯದಕ್ಕೆ, ಪೆಟ್ಟಿಗೆ ಒಡೆದ ಮೇಲೆ ವಾಪಸ್ ತೆಗೆದುಕೊಳ್ಳುವುದಿಲ್ಲ ಅಂದಿರಿ. ಈ ಮಾತು ನನಗೆ ತುಂಬಾ ಬೇಜಾರು ತಂದಿತು. ಪೆಟ್ಟಿಗೆ ಮೇಲೆ ಉದ್ದ ಇಲ್ಲ, ಎತ್ತರ ಇಲ್ಲ, ಕ್ಲಿಪ್ಪಿನಲ್ಲಿ ಸ್ಪ್ರಿಂಗ್ ಇದೆಯೋ ಇಲ್ಲವೋ ಅನ್ನುವುದೂ ಇಲ್ಲ. ಒಡೆಯದೆ ತಿಳಿಯುವುದು ಹೇಗೆ? ತಿಳಿದುಕೊಳ್ಳೋಣ ಅಂತ ಫೋನ್ ಮಾಡಿದರೆ ತಪ್ಪು ಹೇಳಿದವರೂ ನಿಮ್ಮವರೇ. ಅವರ ಮೇಲೆ ನನಗೆ ಕೋಪ ಇಲ್ಲ. ಅವರ ಮುಂದೆ ಇದ್ದದ್ದೂ ‘40’ ಅನ್ನುವ ಅದೇ ಒಂದು ಸಂಖ್ಯೆ ಇರಬೇಕು. ನನ್ನ ಡ್ರಾಯರ್ ಎಷ್ಟು ಎತ್ತರ, ಸಾಕೆಟ್ ಡೀಪೋ ಗಿಡ್ಡವೋ, ಇಂಪ್ಯಾಕ್ಟಿನ ಹೊರ ಅಳತೆ ಎಷ್ಟು ಅಂತ ಅವರು ಕೇಳಿದ್ದರೆ ಐದು ನಿಮಿಷದಲ್ಲಿ ತೀರ್ಮಾನ ಆಗುತ್ತಿತ್ತು. ಕೇಳಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಮೂರು ರೈಲು ಮತ್ತು ಸ್ಪ್ಯಾನರ್ ಹೋಲ್ಡರ್ ವಾಪಸ್ ತೆಗೆದುಕೊಂಡು ಅವುಗಳ ಹಣ ಕೊಡಿ. ಬದಲಿಗೆ ಇನ್ನೊಂದು ಇಂಥದೇ ಸೆಟ್ ಕಳುಹಿಸಬೇಡಿ, ಅದರಿಂದ ಪ್ರಯೋಜನ ಇಲ್ಲ. ಮುಂದೆ ಅಚ್ಚು ಹಾಕಿಸುವ ಪೆಟ್ಟಿಗೆಯ ಮೇಲೆ ರೈಲಿನ ಉದ್ದ, ಬುಡದ ಎತ್ತರ, ಸ್ಪ್ಯಾನರ್ ಖಾನೆಯ ಅಗಲ, ಇವನ್ನು ಮಿ.ಮೀ.ನಲ್ಲಿ ಹಾಕಿಸಿ. ಕ್ಲಿಪ್ ಯಾವ ಬಗೆಯದು, ಇಂಪ್ಯಾಕ್ಟ್ ಸಾಕೆಟ್ಟಿಗೆ ಆಗುತ್ತದೋ ಇಲ್ಲವೋ ಅಂತ ಒಂದು ಸಾಲು ಬರೆಯಿರಿ. ಸಹಾಯವಾಣಿಯವರ ಕೈಗೂ ಅದೇ ಪಟ್ಟಿ ಕೊಡಿ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಅಚ್ಚು ಬೇಡ.

ಸದ್ಯಕ್ಕೆ ನಾನು ಎರಡು ಬಣ್ಣದ ಫೋಮ್ ತಂದು, ಪ್ರತಿ ಸಾಕೆಟ್ ಸುತ್ತ ಪೆನ್ಸಿಲ್ ಗೆರೆ ಎಳೆದು, ಬ್ಲೇಡಿನಲ್ಲಿ ಕೊರೆದಿದ್ದೇನೆ. ಮೇಲೆ ಕಪ್ಪು, ಕೆಳಗೆ ಹಳದಿ. ಸಾಕೆಟ್ ಎತ್ತಿದರೆ ಹಳದಿ ಕಾಣುತ್ತದೆ. ಮೂರು ಸಂಜೆ ಹಿಡಿಯಿತು. ಜಾಗವೂ ಜಾಸ್ತಿ ತಿನ್ನುತ್ತದೆ, ನಾಳೆ ಹೊಸ ಸಾಕೆಟ್ ಬಂದರೆ ಮತ್ತೆ ಕೊರೆಯಬೇಕು. ನಿಮ್ಮ ರೈಲು ಸರಿಯಾಗಿ ಹಿಡಿದಿದ್ದರೆ ಈ ಕೆಲಸವೇ ಬೇಕಿರಲಿಲ್ಲ. ಒಳ್ಳೆಯ ರೈಲಿನ ಅನುಕೂಲ ಫೋಮಿಗೆ ಇಲ್ಲ. ರೈಲಾದರೆ ಇಡೀ ಸಾಲನ್ನು ಎತ್ತಿಕೊಂಡು ಗಾಡಿಯ ಅಡಿಗೆ ಹೋಗಬಹುದು. ಅದಕ್ಕೇ ನಾನು ರೈಲನ್ನು ಆರಿಸಿಕೊಂಡಿದ್ದು.

ಬಿಲ್ಲಿನ ಪ್ರತಿ, ನಾನು ತೆಗೆದ ಅಳತೆಗಳು, ಸವೆದ ಗೂಟಗಳ ಮತ್ತು ಗೀರು ಬಿದ್ದ ಡ್ರಾಯರ್‌ನ ಫೋಟೋಗಳನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಮೂರು ರೈಲನ್ನೂ ಒರೆಸಿ, 40 ಕ್ಲಿಪ್ಪನ್ನೂ ಎಣಿಸಿ, ಹೋಲ್ಡರ್ ಸಮೇತ ನಿಮ್ಮ ಪೆಟ್ಟಿಗೆಯಲ್ಲೇ ಕಟ್ಟಿಟ್ಟಿದ್ದೇನೆ. 15 ದಿನದೊಳಗೆ ಉತ್ತರ ಕೊಡಿ. ತೆಗೆದುಕೊಂಡು ಹೋಗಲು ಯಾವ ದಿನ ಬರುತ್ತೀರಿ ಅಂತ ಮುಂಚೆ ತಿಳಿಸಿದರೆ ಸಾಕು.

ಇತಿ,
ನಿಮ್ಮ ಗ್ರಾಹಕ