ವಿದ್ಯಾಸಿರಿ ಅರ್ಜಿ: ಮೊದಲ ವರ್ಷದವರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಹಾಸ್ಟೆಲ್ ಸಿಗಲಿಲ್ಲ ಅಂತ ಯಾರೂ ಓದು ಬಿಟ್ಟು ಊರಿಗೆ ಹೊರಡಬೇಡಿ. ಹಿಂದುಳಿದ ವರ್ಗದವರಾಗಿದ್ದು, ಮನೆಯ ಆದಾಯ ಮಿತಿಯೊಳಗಿದ್ದರೆ ಹಾಸ್ಟೆಲ್ ಸಿಗದವರಿಗೆ ರಾಜ್ಯ ಸರ್ಕಾರ ನೆರವು ಕೊಡುವ ವಿದ್ಯಾಸಿರಿ ಯೋಜನೆಗೆ ಅರ್ಜಿ ಹಾಕಿ. ಊಟ, ವಸತಿಗೆ ವರ್ಷಕ್ಕೆ 10 ತಿಂಗಳು ಹಣ ಕೊಡುತ್ತಾರೆ. ಅರ್ಜಿ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ. ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ನಂಬರ್ (ಪ್ರಮಾಣಪತ್ರದ ಮೇಲೆ RD ಎಂದು ಶುರುವಾಗುವ ಸಂಖ್ಯೆ) ಬೇಕು. ಆದಾಯ ಪತ್ರದ ಅವಧಿ ಮುಗಿದಿದ್ದರೆ ಈಗಲೇ ನಾಡಕಚೇರಿಗೆ ಹೋಗಿ.

ಕಳೆದ ವರ್ಷ ನನ್ನ ರೂಮ್‌ಮೇಟ್‌ಗೆ ಮಂಜೂರಾದ ಹಣ ಬರಲೇ ಇಲ್ಲ. ಪಾಸ್‌ಬುಕ್ ಹಿಡಿದು ನಾಲ್ಕು ಸಲ ಬ್ಯಾಂಕಿಗೆ ಅಲೆದ. ಖಾತೆಗೆ ಆಧಾರ್ ಸೀಡಿಂಗ್ (ಜೋಡಣೆ) ಆಗಿರಲಿಲ್ಲ, ಅಷ್ಟೇ ಕಾರಣ. ಅದನ್ನು ಮೊದಲು ನೋಡಿಕೊಳ್ಳಿ.

ಫಾರ್ಮ್ ತುಂಬಲು ಗೊತ್ತಾಗದಿದ್ದರೆ ಸಂಕೋಚ ಬೇಡ. ಸಂಜೆ ಐದಕ್ಕೆ ಲೈಬ್ರರಿ ಮೆಟ್ಟಿಲ ಹತ್ತಿರ ಇರುತ್ತೇನೆ, ಒಟ್ಟಿಗೆ ಕೂತು ತುಂಬೋಣ.