ಕುದುರೆ ರೂಪಾಯಿ

ಹಲಸೂರು, ಬೆಂಗಳೂರು
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯ,

ನಿನ್ನ ಮೆಸೇಜು ಬಂದು ಹತ್ತು ದಿನವಾಯಿತು. ಉತ್ತರ ಬರೆಯೋಕೆ ಕೂತಾಗಲೆಲ್ಲ ಏನೋ ಒಂದು ಅಡ್ಡ ಬಂತು. ಹಳೇ ಮೆಡಲ್ ಕೊಳ್ಳುವವರೊಬ್ಬರು ಸಿಕ್ಕಿದ್ದಾರೆ, ಒಳ್ಳೇ ದುಡ್ಡು ಕೊಡ್ತಾರೆ, ನಿಮ್ಮ ಮುತ್ತಾತನ ಮೆಡಲ್ ಮಾರ್ತೀಯಾ, ಹೇಗಿದ್ರೂ ನೀನು ಮಿಲಿಟರಿಗೆ ಹೋಗಲಿಲ್ಲವಲ್ಲ ಅಂತ ನೀನು ಬರೆದಿದ್ದೆ. ಕೊನೆಯ ಮಾತು ಸ್ವಲ್ಪ ಚುಚ್ಚಿತು. ಆದರೆ ಹೇಳುವ ಹಕ್ಕು ನಿನಗಿದೆ ಬಿಡು. ಮಾಜಿ ಸೈನಿಕರ ಮಕ್ಕಳ ಕೋಟಾದಲ್ಲಿ ಭರ್ತಿ ನಡೆದಾಗ ಬೆಳಗಿನ ಜಾವ ಸ್ಕೂಟರಿನಲ್ಲಿ ನನ್ನನ್ನು ಮದ್ರಾಸ್ ಸ್ಯಾಪರ್ಸ್ ಅನ್ನುವ ಸೈನ್ಯದ ಎಂಜಿನಿಯರ್ ದಳದ ಸೆಂಟರ್ ಹತ್ತಿರ ಬಿಟ್ಟವನು ನೀನೇ. 1.6 ಕಿಲೋಮೀಟರ್ ಓಟ ಓಡಿದ್ದೆ. ಆಮೇಲೆ ಮೆಡಿಕಲ್‌ನಲ್ಲಿ ಪಾದ ಒದ್ದೆ ಮಾಡಿಸಿ ನೆಲದ ಮೇಲೆ ನಿಲ್ಲಿಸಿದರು. ಇಡೀ ಪಾದ ದೋಸೆ ಹುಯ್ದ ಹಾಗೆ ಅಚ್ಚಾಯಿತು. ಮೂರು ತಲೆಮಾರು ನಡೆದುಕೊಂಡು ಬಂದದ್ದು ನನ್ನ ಚಪ್ಪಟೆ ಪಾದದಲ್ಲಿ ನಿಂತಿತು.

ನಿನಗೆ ಆ ಮೆಡಲ್ ಕಥೆ ಅರ್ಧ ಮಾತ್ರ ಗೊತ್ತು. ಅಪ್ಪ ಹೇಳುತ್ತಿದ್ದ ಅರ್ಧ. ಮುತ್ತಾತ ಮೈಸೂರು ಮಹಾರಾಜರ ಕುದುರೆ ದಳ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದದ್ದು, 1914ರಲ್ಲಿ ಹಡಗು ಹತ್ತಿ ಸೂಯೆಜ್ ಕಾಲುವೆ ಕಾಯಲು ಹೋದದ್ದು, 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರಿನ ಮೇಲೆ ದಾಳಿ. ಜೋಧಪುರದವರು ಬಯಲಿನಿಂದ ನುಗ್ಗಿದರೆ ನಮ್ಮವರು ಕಾರ್ಮೆಲ್ ಬೆಟ್ಟದ ಕಡೆಯಿಂದ. ಎದುರಿಗೆ ತುರ್ಕರ ಮೆಷಿನ್ ಗನ್, ಫಿರಂಗಿ. ಇವರ ಕೈಯಲ್ಲಿ ಈಟಿ. ಸಂಜೆ ಹೊತ್ತಿಗೆ ಊರು ಇವರದಾಯಿತು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮ ಮೈಸೂರಿನದು. 2018ರಲ್ಲಿ ಆ ಚೌಕಕ್ಕೆ ಹೈಫಾ ಹೆಸರನ್ನೂ ಸೇರಿಸಿದರು. ಜೆ.ಸಿ. ನಗರದಲ್ಲೂ ಲ್ಯಾನ್ಸರ್ಸ್ ಸ್ಮಾರಕ ಇದೆ. ಟ್ರಾಫಿಕ್ಕಿನಲ್ಲಿ ಅದನ್ನು ಎಷ್ಟು ಜನ ತಿರುಗಿ ನೋಡುತ್ತಾರೋ. ಮುತ್ತಾತ ಮಾತ್ರ ಇದರಲ್ಲಿ ಯಾವುದನ್ನೂ ಜಾಸ್ತಿ ಹೇಳುತ್ತಿರಲಿಲ್ಲವಂತೆ. ಕೇಳಿದರೆ ಕುದುರೆಗಳ ವಿಷಯ. ಆ ದಿನ ಸತ್ತ ಸವಾರರು ಎಂಟು ಜನ, ಕುದುರೆಗಳು ಅರವತ್ತು. ಅವರು ಅಳುತ್ತಿದ್ದದ್ದು ಅರವತ್ತಕ್ಕೆ.

ಇನ್ನರ್ಧ ಕಥೆ ಅಮ್ಮನದು. ಅದನ್ನು ಹೇಳದೆ ನಿನಗೆ ಉತ್ತರ ಕೊಡೋಕಾಗಲ್ಲ.

ಯುದ್ಧ ಮುಗಿದ ಮೇಲೆ ಮುತ್ತಾತನಿಗೆ ಮೆಡಲ್‌ಗಳು ಬಂದವು. ಅವುಗಳಲ್ಲಿ ಒಂದು ಬೆಳ್ಳಿಯದು, ಇನ್ನೊಂದು ಕಂಚಿನದು. ಬೆಳ್ಳಿಯದರ ಒಂದು ಕಡೆ ಐದನೇ ಜಾರ್ಜ್ ರಾಜನ ತಲೆ. ಇನ್ನೊಂದು ಕಡೆ ಕುದುರೆ ಏರಿದ ಸವಾರ. ಆ ಸವಾರನ ಮೈಮೇಲೆ ಬಟ್ಟೆ ಇಲ್ಲ ಮಾರಾಯ. ಬ್ರಿಟಿಷರು ಯಾಕೆ ಹಾಗೆ ಮಾಡಿಸಿದರೋ! ಮುತ್ತಜ್ಜಿಗೆ ಮುಜುಗರ. ರಾಜನ ಮುಖ ಈಚೆಗೆ ಮಾಡಿ ಗೋಡೆಯ ಮೊಳೆಗೆ ತೂಗುಹಾಕಿದರು. ಆಗಿನ ರೂಪಾಯಿಯ ಮೇಲೂ ರಾಜನ ತಲೆಯೇ ಇರುತ್ತಿತ್ತಲ್ಲ, ಅದಕ್ಕೆ ಇದು ಮನೆಯಲ್ಲಿ ಕುದುರೆ ರೂಪಾಯಿ ಆಯಿತು. 1947ರಲ್ಲಿ ತಾತ, ಅಷ್ಟು ಹೊತ್ತಿಗೆ ಬರ್ಮಾದಲ್ಲಿ ಸೇತುವೆ ಕಟ್ಟಿ ಬಂದ ಸ್ಯಾಪರ್, 'ಈ ರಾಜನ ಮುಖ ಇನ್ನು ಸಾಕು' ಅಂತ ಅದನ್ನು ತಿರುಗಿಸಿ ಹಾಕಿದರು. ಮುತ್ತಜ್ಜಿ ವಾದ ಮಾಡಲಿಲ್ಲ. ಸ್ವಲ್ಪ ಅರಿಶಿನ ಕಲಸಿ ಸವಾರನ ಸೊಂಟಕ್ಕೆ ಮೆತ್ತಿದರು. ಪ್ರತಿ ಹಬ್ಬಕ್ಕೂ ಹೊಸದಾಗಿ. ಇವತ್ತಿಗೂ ಕುದುರೆಯ ಸಂದಿಯಲ್ಲಿ ಆ ಹಳದಿ ಇದೆ. ಕೊಳ್ಳುವವರು ಅದನ್ನು ಕೊಳೆ ಅಂದುಕೊಂಡು ಬೆಲೆ ಇಳಿಸುತ್ತಾರೋ ಏನೋ, ಕೇಳಿ ನೋಡು!

ಅಂಚಿನಲ್ಲಿ ಮುತ್ತಾತನ ನಂಬರು, ಹೆಸರು, ದಳ ಒತ್ತಿದ್ದಾರೆ. ಹೆಸರಲ್ಲಿ ಒಂದು ಅಕ್ಷರ ತಪ್ಪು. ತಾತ ಭರ್ತಿಯಾದಾಗ ತಂದೆಯ ಹೆಸರಿಗೆ ಪುರಾವೆ ಅಂತ ಇದನ್ನೇ ತೋರಿಸಿದ್ದರಿಂದ ತಪ್ಪೇ ಕಾಗದಕ್ಕೂ ಹತ್ತಿತು. ನನ್ನ ಆಧಾರ್ ಕಾರ್ಡಿನ ತನಕ ಬಂದಿದೆ. ಬ್ಯಾಂಕಿನಲ್ಲಿ ಯಾರಾದರೂ ಕೇಳಿದರೆ ಹೈಫಾದಿಂದ ಶುರು ಮಾಡಬೇಕು.

ಈಗ ಮುಖ್ಯ ವಿಷಯ. ಬೆಳ್ಳಿ ರೂಪಾಯಿ ಒಂದು ತೊಲ. ಇದು ಮೂರು ತೊಲಕ್ಕೆ ಸ್ವಲ್ಪ ಕಮ್ಮಿ. ಕಷ್ಟಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಇಂಥ ಮೆಡಲ್‌ಗಳು ಬೆಳ್ಳಿಯ ಆಸೆಗೆ ಕರಗಿಹೋದವು. ನಮ್ಮನೆಯಲ್ಲಿ ಕರಗಲಿಲ್ಲ, ಗಿರವಿ ಅಂಗಡಿಗೆ ಹೋಯಿತು. ಒಂದು ಸಲವಲ್ಲ, ಐದು ಸಲ. ಅಪ್ಪ ತೀರಿಕೊಂಡ ಮೇಲೆ ಟ್ರಂಕು ತೆಗೆದೆ ನೋಡು, ಅಪ್ಪನ ನಂಬರು, ಹೆಸರು ಬಿಳಿ ಬಣ್ಣದಲ್ಲಿ ಬರೆದ ಕಪ್ಪು ಟ್ರಂಕು, ಅದರ ತಳದಲ್ಲಿ ಮೆಡಲ್ ಜೊತೆ ಐದು ಅಡವಿನ ಚೀಟಿ ಮಡಿಸಿಟ್ಟಿದ್ದವು. ಮೂರು ಚೀಟಿ ಅಜ್ಜಿಯ ಕಾಲದವು. ತಾತ ಬರ್ಮಾದಲ್ಲಿದ್ದಾಗ ಮನಿಯಾರ್ಡರ್ ತಡವಾದದ್ದಕ್ಕೆ ಒಂದು. ಅತ್ತೆಯ ಬಾಣಂತನಕ್ಕೆ ಒಂದು. ಮೂರನೆಯದು ಯಾಕೆ ಅಂತ ಹೇಳುವವರು ಈಗ ಯಾರೂ ಇಲ್ಲ. ಉಳಿದೆರಡು ಅಮ್ಮನವು. ಕೊನೆಯದು ನನಗೆ ಟೈಫಾಯ್ಡ್ ಆದಾಗಿನದು. ಅಪ್ಪ ಆಗ ಎಲ್ಲೋ ಗಡಿಯಲ್ಲಿ. ಅಮ್ಮ ಅಕ್ಕಪಕ್ಕದವರ ಬ್ಲೌಸ್ ಹೊಲಿದು ಎಂಟು ತಿಂಗಳಿಗೆ ಬಿಡಿಸಿಕೊಂಡು ಬಂದರು.

ಕಂಚಿನದನ್ನು ಯಾವ ಅಂಗಡಿಯವರೂ ಅಡವು ಇಟ್ಟುಕೊಳ್ಳಲಿಲ್ಲ. ಹಾಗಾಗಿ ಅದು ಮನೆಯಲ್ಲೇ ಉಳಿಯಿತು. ಮನೆಯಲ್ಲಿ ಉಳಿದದ್ದರಿಂದಲೇ ಕಳೆದುಹೋಯಿತು! ಅಪ್ಪ ಏಳು ವರ್ಷದವರಿದ್ದಾಗ ಹಲಸೂರು ಕೆರೆಯಲ್ಲಿ ಬಿಲ್ಲೆ ಪುಟಿಸುವ ಆಟಕ್ಕೆ ಅದನ್ನು ಎಸೆದರಂತೆ. ಎಷ್ಟು ಸಲ ಪುಟಿಯಿತು ಅಂತ ಕೇಳಿದ್ದೆ. 'ಮೂರು' ಅಂದಿದ್ದರು, ಸ್ವಲ್ಪ ಹೆಮ್ಮೆಯಿಂದಲೇ.

ಗಂಡಸರು ಮಾಡಿದ್ದು ಇಷ್ಟು. ದಳ ಸೇರುವ ಹಿಂದಿನ ಸಂಜೆ ಮಗನನ್ನು ಕರೆದು 'ಮುಟ್ಟಿ ಹೋಗು' ಅನ್ನುವುದು. ತಾತ ಮುಟ್ಟಿ ಹೋದರು, ಅಪ್ಪ ಮುಟ್ಟಿ ಹೋದರು. ಅಪ್ಪ 1971ರ ಡಿಸೆಂಬರಿನಲ್ಲಿ ಬಸಂತರ್ ನದಿಯ ಹತ್ತಿರ ಟ್ಯಾಂಕುಗಳಿಗೆ ದಾರಿ ಮಾಡಲು ಮೈನು, ಅಂದರೆ ನೆಲದಲ್ಲಿ ಹೂತಿಟ್ಟ ಬಾಂಬು, ತೆಗೆದವರು. ಯುದ್ಧದ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಆದರೆ ಹಿತ್ತಲಲ್ಲಿ ಬದನೆ ಸಸಿ ನೆಡುವಾಗಲೂ ಕಡ್ಡಿಯನ್ನು ನೆಟ್ಟಗೆ ಚುಚ್ಚುತ್ತಿರಲಿಲ್ಲ. ಓರೆಯಾಗಿ, ಮೆಲ್ಲಗೆ, ಉಸಿರು ಬಿಗಿಹಿಡಿದು. ನೆಟ್ಟಗೆ ಚುಚ್ಚಿದರೆ ಮೈನಿನ ತಲೆಗೇ ತಾಗುತ್ತದೆ. ನಾನು ಸುಮ್ನೆ ನಗುತ್ತಿದ್ದೆ ಆಗ.

ಭರ್ತಿಯ ಹಿಂದಿನ ಸಂಜೆ ನನಗೂ ಮುಟ್ಟಿಸಿದ್ದರು ಕಣೋ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ. ಮರುದಿನ ವಾಪಸ್ ಬಂದಾಗ ಅಪ್ಪ ಏನೂ ಅನ್ನಲಿಲ್ಲ, ಟ್ರಂಕಿಗೆ ಬೀಗ ಹಾಕಿದರು ಅಷ್ಟೇ. ಬಹಳ ವರ್ಷ ಅದನ್ನು ನನ್ನ ಮೇಲಿನ ಸಿಟ್ಟು ಅಂತಲೇ ತಿಳಿದುಕೊಂಡಿದ್ದೆ. ಚೀಟಿಗಳನ್ನು ನೋಡಿದ ಮೇಲೆ ಹಾಗನ್ನಿಸುತ್ತಿಲ್ಲ. ಕೋಟಾ, ಪಾದ, ಸೋಲು ಅಂತ ನಾನು ಲೆಕ್ಕ ಹಾಕುತ್ತಿದ್ದ ಹೊತ್ತಿಗೆ ಈ ಮೆಡಲ್ಲಿನ ನಿಜವಾದ ಯಜಮಾನಿ ಅಡುಗೆಮನೆಯಲ್ಲಿದ್ದರು.

ಆದ್ದರಿಂದ ನಿನ್ನ ಪ್ರಶ್ನೆಗೆ ನಾನು ಹೌದು ಅನ್ನೋಕೂ ಬರಲ್ಲ, ಇಲ್ಲ ಅನ್ನೋಕೂ ಬರಲ್ಲ. ಕೊನೆಯ ಸಲ ಬಿಡಿಸಿದವರು ಅಮ್ಮ. ಮೆಸೇಜನ್ನು ಅವರಿಗೆ ಓದಿ ಹೇಳಿದೆ. ಕನ್ನಡಕ ಸರಿ ಮಾಡಿಕೊಂಡು, 'ಬಡ್ಡಿ ಸೇರಿಸಿ ಕೊಡ್ತಾರಂತಾ?' ಅಂದರು. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ. ಮುಂದಿನ ಭಾನುವಾರ ಬಾ, ನೀನೇ ಕೇಳು. ಉಪ್ಸಾರು ಮಾಡ್ತಾರಂತೆ. ಬರುವಾಗ ಚೂರು ಅರಿಶಿನದ ಕೊಂಬು ತಗೊಂಡು ಬಾ, ಹಬ್ಬ ಹತ್ತಿರ ಬಂತು.

ನಿನ್ನ,
ಚಪ್ಪಟೆ ಪಾದದ ಗೆಳೆಯ